ಛೇಂಬರಿನಲ್ಲೇ ಉಳಿದ ಹಿತ್ತಾಳೆ: ಎಂ-16 ಕೈಕೊಟ್ಟಿದ್ದೇಕೆ?

1967ರ ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ವಿಯೆಟ್ನಾಂನ ಖೆ ಸಾನ್ ಸುತ್ತಲಿನ ಗುಡ್ಡಗಳಿಗಾಗಿ ಅಮೆರಿಕದ ಮರೀನ್ ಪಡೆಗೂ ಉತ್ತರ ವಿಯೆಟ್ನಾಂ ಸೇನೆಗೂ ಘೋರ ಕಾಳಗ ನಡೆಯಿತು. ಬದುಕುಳಿದ ಮರೀನ್ ಒಬ್ಬ ಊರಿಗೆ ಬರೆದ ಪತ್ರ ಬೇಗನೆ ಪತ್ರಿಕೆಗೂ ಅಲ್ಲಿಂದ ಸಂಸತ್ತಿಗೂ ತಲುಪಿತು. ತಮ್ಮ ಕಡೆ ಸತ್ತವರಲ್ಲಿ ಹೆಚ್ಚುಕಡಿಮೆ ಎಲ್ಲರ ಪಕ್ಕದಲ್ಲೂ ಬಿಚ್ಚಿಹಾಕಿದ ರೈಫಲ್ ಬಿದ್ದಿತ್ತು, ಅದನ್ನು ಸರಿಪಡಿಸಲು ಹೆಣಗುತ್ತಿದ್ದಾಗಲೇ ಅವರಿಗೆ ಗುಂಡು ತಗುಲಿತ್ತು ಎಂಬುದು ಆ ಪತ್ರದ ತಿರುಳು. ರೈಫಲ್ ಹೊಸದು, ಹೆಸರು ಎಂ-16. ಅದಕ್ಕೆ ಹಲವು ತೊಂದರೆಗಳಿದ್ದವು. ಜೀವಕ್ಕೆ ಎರವಾದದ್ದು ಮುಖ್ಯವಾಗಿ ಒಂದು: ಗುಂಡು ಹಾರಿದ ಮೇಲೆ ತೋಟಾದ ಖಾಲಿ ಹಿತ್ತಾಳೆ ಕೋಶ, ಅದು ಕೂರುವ ಛೇಂಬರಿನಿಂದ ಹೊರಬರುತ್ತಿರಲಿಲ್ಲ. ನಳಿಗೆಯ ಬಾಯಿಂದ ಶುಚಿಗೊಳಿಸುವ ಸರಳನ್ನು ತೂರಿಸಿ ಕುಟ್ಟಿ ಹೊರಗೆ ತಳ್ಳಬೇಕು. ಆ ಸರಳೂ ಎಲ್ಲರ ಬಳಿ ಇರಲಿಲ್ಲ.

ಹೀಗೇಕಾಯಿತು ಎಂಬ ವಾದ ಅಂದಿನಿಂದ ಇಂದಿನವರೆಗೂ ನಿಂತಿಲ್ಲ. ಮದ್ದು ಕೆಟ್ಟದು ಎಂದವರಿದ್ದಾರೆ, ಛೇಂಬರಿಗೆ ಕ್ರೋಮ್ ಲೇಪ ಕೊಡದ್ದೇ ತಪ್ಪು ಎಂದವರಿದ್ದಾರೆ, ಸೈನಿಕರು ಬಂದೂಕು ತೊಳೆಯಲಿಲ್ಲ ಎಂದವರಿದ್ದಾರೆ, ಕಚೇರಿಗಳ ಕಡೆ ಬೆರಳು ತೋರಿದವರೂ ಇದ್ದಾರೆ. ಇವರನ್ನೆಲ್ಲ ಓದಿದ ಮೇಲೆ ನನಗನ್ನಿಸುವುದು ಇಷ್ಟು: ತಪ್ಪು ಯಾರದು ಎಂಬ ಪ್ರಶ್ನೆ ಎಷ್ಟು ಜೋರಾಯಿತೆಂದರೆ, ಆ ಹಿತ್ತಾಳೆಯ ಮೇಲೆ ಏನು ಕಾಣುತ್ತಿದೆ ಎಂಬ ಸಣ್ಣ ಪ್ರಶ್ನೆ ಮೂಲೆಗುಂಪಾಯಿತು.

ಕೋಶ ಹೊರಬರುವ ಬಗೆ

ಕುದುರೆ ಎಳೆದಾಗ ಕೋಶದೊಳಗಿನ ಮದ್ದು ಉರಿದು ಒತ್ತಡ ಏರುತ್ತದೆ. ಎಂ-16ರ 5.56 ಮಿ.ಮೀ. ತೋಟಾಕ್ಕೆ ಅಂದು ನಿಗದಿಯಾಗಿದ್ದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 52,000 ಪೌಂಡ್. ಆ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಛೇಂಬರಿನ ಗೋಡೆಗೆ ಬಿಗಿಯಾಗಿ ಅಂಟುತ್ತದೆ. ಅನಿಲ ಹಿಂದಕ್ಕೆ ಸೋರದಂತೆ ತಡೆಯುವುದೇ ಈ ಅಂಟು, ಹಾಗಾಗಿ ಅದು ಬೇಕಾದದ್ದೇ. ಗುಂಡು ನಳಿಗೆ ದಾಟಿದೊಡನೆ ಒತ್ತಡ ಕುಸಿಯುತ್ತದೆ, ಹಿತ್ತಾಳೆ ಕೂದಲೆಳೆಯಷ್ಟು ಕುಗ್ಗಿ ಗೋಡೆ ಬಿಡುತ್ತದೆ. ಗಡಸು ಹಿತ್ತಾಳೆ ಚೆನ್ನಾಗಿ ಹಿಂದೆ ಸರಿಯುತ್ತದೆ, ಮೆತ್ತಗಿನದು ಉಬ್ಬಿದಲ್ಲೇ ನಿಲ್ಲುತ್ತದೆ. ಮೃದು ಉಕ್ಕಿನ ಕೋಶಗಳು ಹಿತ್ತಾಳೆಗಿಂತ ಕಡಿಮೆ ಕುಗ್ಗುವುದರಿಂದ ಅಂಟಿಕೊಳ್ಳುವ ಚಾಳಿ ಅವಕ್ಕೆ ಹೆಚ್ಚು.

ಅರೆ-ಸ್ವಯಂಚಾಲಿತ ರೈಫಲ್‌ನಲ್ಲಿ ಕೋಶವನ್ನು ಎಳೆಯುವುದು ಕೈಯಲ್ಲ, ಅದೇ ಮದ್ದಿನ ಅನಿಲ. ಎಂ-16ರಲ್ಲಿ ನಳಿಗೆಯ ಒಂದು ರಂಧ್ರದಿಂದ ಹೊರಟ ಅನಿಲ ಸಣ್ಣ ಕೊಳವೆಯಲ್ಲಿ ಹಿಂದಕ್ಕೆ ಬಂದು, ಛೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ವಾಹಕವನ್ನು ದೂಡುತ್ತದೆ. ವಾಹಕ ಹಿಂದೆ ಸರಿಯುವಾಗ ಬೋಲ್ಟ್ ತಿರುಗಿ ಬೀಗ ಬಿಚ್ಚುತ್ತದೆ. ಬೋಲ್ಟಿನ ಮುಖದಲ್ಲಿರುವ ಎಕ್ಸ್‌ಟ್ರಾಕ್ಟರ್ ಎಂಬ ಕೊಕ್ಕೆ ಕೋಶದ ಬುಡದ ಅಂಚನ್ನು ಹಿಡಿದೆಳೆಯುತ್ತದೆ, ಇಜೆಕ್ಟರ್ ಅದನ್ನು ಹೊರಗೆ ಚಿಮ್ಮಿಸುತ್ತದೆ. ಎಲ್ಲವೂ ಕಣ್ಣು ಮಿಟುಕಿಸುವುದರೊಳಗೆ.

ದೋಸೆ ಕಾವಲಿಯಿಂದ ಏಳದಿದ್ದರೆ ತಪ್ಪು ಹಿಟ್ಟಿನದಿರಬಹುದು, ಕಾವಲಿಯದಿರಬಹುದು, ಸಟ್ಟುಗದ್ದಿರಬಹುದು, ಇಲ್ಲವೇ ಬೇಯುವ ಮೊದಲೇ ಎಬ್ಬಲು ಹೋದ ಕೈಯದಿರಬಹುದು. ಇಲ್ಲಿಯೂ ಅನುಮಾನಿತರು ಇಷ್ಟೇ ಜನ: ಕೋಶ, ಛೇಂಬರ್, ಕೊಕ್ಕೆ, ಮತ್ತು ಎಳೆಯುವ ಗಳಿಗೆ.

ಹಿತ್ತಾಳೆಯನ್ನು ಓದುವುದು

ಬಂದೂಕು ದುರಸ್ತಿ ಬಲ್ಲವರು ಮೊದಲು ಕೇಳುವುದು ಖಾಲಿ ಕೋಶವನ್ನು. ಒಂದನ್ನು ಕೈಗೆತ್ತಿಕೊಂಡು ಬುಡದ ಅಂಚನ್ನು ಬೆಳಕಿಗೆ ಹಿಡಿದರೆ ಅರ್ಧ ಕಥೆ ಅಲ್ಲೇ ಇರುತ್ತದೆ. ಕೋಶ ಛೇಂಬರಿನಲ್ಲಿ ಉಳಿದಿದೆ, ಅಂಚು ಹರಿದಿದೆ ಅಥವಾ ಹಿಂದಕ್ಕೆ ಬಾಗಿದೆ ಎಂದರೆ ಕೊಕ್ಕೆ ತನ್ನ ಕೆಲಸ ಮಾಡಿದೆ, ಕೋಶ ಬಿಟ್ಟುಕೊಟ್ಟಿಲ್ಲ. ಹುಡುಕಬೇಕಾದದ್ದು ಛೇಂಬರಿನ ಒರಟುತನ, ತುಕ್ಕು, ಒತ್ತಡ, ಅವಸರದ ಎಳೆತ. ಅಂಚು ಕ್ಷೇಮವಾಗಿದೆ, ಹೆಚ್ಚೆಂದರೆ ತುದಿಯಲ್ಲೊಂದು ತೆಳು ಗೀರು ಇದೆ ಎಂದರೆ ಕೊಕ್ಕೆ ಜಾರಿದೆ. ಆಗ ಸ್ಪ್ರಿಂಗ್ ಸೋತಿದೆಯೇ, ಕೊಕ್ಕೆಯ ಮೂತಿ ಸವೆದಿದೆಯೇ, ಅದರಡಿ ಕಸ ಸೇರಿದೆಯೇ ಎಂದು ನೋಡಬೇಕು. ಹೊರಗಿನಿಂದ ಎರಡೂ ಒಂದೇ ಕಾಯಿಲೆಯಂತೆ ಕಾಣುತ್ತವೆ, ಒಂದರ ಉಪಚಾರ ಇನ್ನೊಂದಕ್ಕೆ ಹತ್ತುವುದಿಲ್ಲ. ಜಾರದ ಕೊಕ್ಕೆಗೆ ಇನ್ನೂ ಬಿಗಿಯಾದ ಸ್ಪ್ರಿಂಗ್ ಹಾಕಿದರೆ ಹರಿಯುವ ಅಂಚುಗಳ ಸಂಖ್ಯೆ ಹೆಚ್ಚುತ್ತದೆ, ಅಷ್ಟೇ.

ಕೋಶದ ಮೈಮೇಲೆ ಉದ್ದುದ್ದ ಗೀರುಗಳಿದ್ದರೆ ಛೇಂಬರ್ ಒರಟಾಗಿದೆ. ಸಣ್ಣ ಸಣ್ಣ ಉಬ್ಬುಗಳಿದ್ದರೆ ಗೋಡೆಯಲ್ಲಿ ತುಕ್ಕಿನ ಗುಳಿಗಳಿವೆ, ಒತ್ತಡಕ್ಕೆ ಹಿತ್ತಾಳೆ ಅವುಗಳ ಅಚ್ಚು ತೆಗೆದುಕೊಂಡಿದೆ. ಬುಡದ ಮೇಲೆ ಹೊಳೆಯುವ ಒರೆಸಿದಂಥ ಗುರುತಿದ್ದರೆ ಹಿತ್ತಾಳೆ ಇಜೆಕ್ಟರಿನ ಗುಂಡಿಯೊಳಗೆ ಒತ್ತಿಕೊಂಡಿದೆ, ಬೋಲ್ಟ್ ತಿರುಗುವಾಗ ಅದನ್ನು ಸವರಿದೆ. ಒತ್ತಡ ಜಾಸ್ತಿ, ಇಲ್ಲವೇ ಬೀಗ ಬೇಗ ಬಿಚ್ಚಿದೆ. ಬುಡಕ್ಕೆ ಸ್ವಲ್ಪ ಮೇಲೆ ಸುತ್ತ ಹೊಳೆಯುವ ಉಂಗುರ ಕಂಡರೆ ಅಲ್ಲಿ ಲೋಹ ಜಗ್ಗಿ ತೆಳುವಾಗಿದೆ, ಮತ್ತೆ ತುಂಬಿ ಬಳಸಿದರೆ ಎರಡು ತುಂಡಾಗುವ ಅಪಾಯವಿದೆ.

ಹೆದರಬೇಕಿಲ್ಲದ ಗುರುತುಗಳೂ ಉಂಟು. 1980ರ ದಶಕದ ಎಂ-16ಎ2ಗೆ, ಎಡಗೈ ಬಳಸುವವರ ಮುಖಕ್ಕೆ ಕೋಶ ಬಡಿಯದಿರಲೆಂದು, ಹೊರದಾರಿಯ ಹಿಂದೊಂದು ಉಬ್ಬು ಕೊಟ್ಟರು. ಕೋಶದ ನಡುಮೈಯಲ್ಲಿ ಅದರ ತಗ್ಗು ಬೀಳುವುದು ಸಹಜ. ಜರ್ಮನಿಯ ಜಿ3 ರೈಫಲಿನ ಕೋಶಗಳ ಮೇಲೆ ಉದ್ದಕ್ಕೂ ಕಪ್ಪು ಪಟ್ಟೆಗಳಿರುತ್ತವೆ. ಅದರ ಛೇಂಬರಿನಲ್ಲಿ ಬೇಕೆಂದೇ ಸಣ್ಣ ಕಾಲುವೆಗಳನ್ನು ಕೊರೆದು, ಕೋಶದ ಹೊರಮೈಗೂ ಅನಿಲ ಹರಿಯುವಂತೆ ಮಾಡಿ, ಅಂಟದಂತೆ ತೇಲಿಸುತ್ತಾರೆ. ಪಟ್ಟೆಯಿಲ್ಲದ ಜಿ3 ಕೋಶ ಕಂಡರೇ ಚಿಂತಿಸಬೇಕು.

ಹಳೆಯ ಕಾಯಿಲೆ

ಈ ತಕರಾರು ಎಂ-16ರಿಂದ ಶುರುವಾದದ್ದಲ್ಲ. 1876ರ ಜೂನ್ 25ರಂದು ಅಮೆರಿಕದ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟಾ ಮತ್ತು ಷೆಯೆನ್ ಯೋಧರು ಸೇನಾಧಿಕಾರಿ ಕಸ್ಟರ್‌ನ ತುಕಡಿಯನ್ನು ಪೂರ್ತಿ ಅಳಿಸಿಹಾಕಿದಾಗಲೂ ಇದೇ ಮಾತು ಎದ್ದಿತು. ಸ್ಪ್ರಿಂಗ್‌ಫೀಲ್ಡ್ ಕಾರ್ಬೈನಿನ ಮೆತ್ತನೆಯ ತಾಮ್ರದ ಕೋಶಗಳು, ಚರ್ಮದ ಪಟ್ಟಿಯಲ್ಲಿ ಕೂತು ಹಸಿರು ಕಿಲುಬು ಹಿಡಿದವು, ಛೇಂಬರಿಗೆ ಅಂಟಿದವು, ಚಾಕುವಿನಿಂದ ಕೀಳಬೇಕಾಯಿತು ಎಂಬ ಕಥೆ ಹಬ್ಬಿತು. ಅದೇ ಕಾಳಗದ ಇನ್ನೊಂದು ಭಾಗದಲ್ಲಿ ಬದುಕುಳಿದ ಮೇಜರ್ ರೀನೋ, ತನ್ನ ಕೈಕೆಳಗಿನ 380 ಕಾರ್ಬೈನುಗಳಲ್ಲಿ 6 ಹೀಗೆ ಕೆಟ್ಟವು ಎಂದು ವರದಿ ಮಾಡಿದ.

ನೂರು ವರ್ಷ ಕಳೆದ ಮೇಲೆ, 1983ರ ಆಗಸ್ಟಿನಲ್ಲಿ ಆ ರಣರಂಗದ ಹುಲ್ಲುಗಾವಲಿಗೆ ಬೆಂಕಿ ಬಿದ್ದು ನೆಲ ಬಯಲಾಯಿತು. ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಮೊದಲಾದ ಪುರಾತತ್ವಜ್ಞರು 1984 ಮತ್ತು 85ರಲ್ಲಿ ಲೋಹಶೋಧಕ ಹಿಡಿದು ಕೋಶಗಳನ್ನು ಆಯ್ದರು. ಫೈರಿಂಗ್ ಪಿನ್ ಮತ್ತು ಕೊಕ್ಕೆಯ ಗುರುತುಗಳನ್ನು ಹೋಲಿಸಿ ಒಂದೊಂದು ಬಂದೂಕು ರಣರಂಗದಲ್ಲಿ ಎಲ್ಲಿಂದ ಎಲ್ಲಿಗೆ ಸಾಗಿತು ಎಂದೂ ಗುರುತಿಸಿದರು. ಕೀಳಲು ಒದ್ದಾಡಿದ ಗೀರುಗಳಿದ್ದ ಕೋಶಗಳು ಬಹಳ ಕಡಿಮೆ. ಕಾರ್ಬೈನ್ ಕೈಕೊಟ್ಟದ್ದು ನಿಜ, ಸೋಲಿಗೆ ಅದೇ ಕಾರಣ ಎಂಬುದು ನಿಲ್ಲಲಿಲ್ಲ. ಈ ವಾದದಲ್ಲಿ ಹಿತ್ತಾಳೆಯೂ ತಾಮ್ರವೂ ಸಾಕ್ಷಿಕಟ್ಟೆ ಹತ್ತಿದ ಅಪರೂಪದ ಸಂದರ್ಭ ಅದು.

1885ರ ಜನವರಿಯಲ್ಲಿ ಸುಡಾನಿನ ಅಬು ಕ್ಲೇಯಾದಲ್ಲಿ ಬ್ರಿಟಿಷರ ಮಾರ್ಟಿನಿ-ಹೆನ್ರಿ ರೈಫಲ್‌ಗಳು ಇದೇ ರೀತಿ ಸಿಕ್ಕಿಕೊಂಡವು. ತೆಳು ಹಿತ್ತಾಳೆ ಹಾಳೆ ಸುತ್ತಿ ಮಾಡಿದ ಕೋಶ ಹೋಗಿ ಗಟ್ಟಿ ಹಿತ್ತಾಳೆಯದು ಬಂತು. ಸ್ವಯಂಚಾಲಿತ ಬಂದೂಕುಗಳ ಕಾಲದಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಅಮೆರಿಕದ ಜಾನ್ ಪೆಡರ್ಸನ್ ತೋಟಾಗಳಿಗೆ ಮೇಣದ ತೆಳು ಲೇಪ ಕೊಟ್ಟ. ಇಟಲಿಯ ಬ್ರೆಡಾ ಮೆಷಿನ್‌ಗನ್ ಪ್ರತಿ ತೋಟಾಕ್ಕೂ ಎಣ್ಣೆ ಸವರುತ್ತಿತ್ತು, ಮರಳುಗಾಡಿನಲ್ಲಿ ಆ ಎಣ್ಣೆಗೆ ಧೂಳು ಮೆತ್ತಿ ಫಜೀತಿಯಾಯಿತು. 1936ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಗ್ಯಾರಂಡ್ ರೈಫಲಿಗೆ ಇಂಥ ಲೇಪ ಬೇಕಿರಲಿಲ್ಲ. ಸೋವಿಯತ್ ಕಲಾಶ್ನಿಕೋವ್‌ನ ತೋಟಾ ಚೆನ್ನಾಗಿ ಮೊನೆಗಟ್ಟಿದೆ. ಒಂದು ಎಳೆ ಹಿಂದೆ ಸರಿದರೆ ಸಾಕು, ಕೋಶದ ಮೈ ಪೂರ್ತಿ ಗೋಡೆ ಬಿಡುತ್ತದೆ. ಮೇಲೆ ಛೇಂಬರಿಗೆ ಕ್ರೋಮ್. 5.56ರ ಕೋಶ ಹೆಚ್ಚುಕಡಿಮೆ ನೆಟ್ಟಗಿದೆ, ಆ ಅನುಕೂಲ ಅದಕ್ಕಿಲ್ಲ.

ಮದ್ದನ್ನು ದೂರುವವರು

ಯೂಜೀನ್ ಸ್ಟೋನರ್ ಮತ್ತು ಆತನ ಸಂಗಡಿಗರು ಆರ್ಮಲೈಟ್ ಕಂಪನಿಯಲ್ಲಿ ರೂಪಿಸಿದ, ಮುಂದೆ ಎಂ-16 ಎನಿಸಿಕೊಂಡ ಎಆರ್-15ರ ಹಕ್ಕನ್ನು ಕೋಲ್ಟ್ ಕಂಪನಿ 1959ರಲ್ಲಿ ಕೊಂಡಿತು. ಅದರ ಹೊಂದಾಣಿಕೆಯೆಲ್ಲ ಡ್ಯೂಪಾಂಟ್‌ನ ಐಎಂಆರ್ 4475 ಎಂಬ ಕಡ್ಡಿ ಮದ್ದಿಗೆ ಆಗಿತ್ತು. ಸೇನೆ ಕೇಳಿದ ವೇಗವನ್ನು ಒತ್ತಡದ ಮಿತಿಯೊಳಗೆ ಕೊಡುವಂತೆ ಆ ಮದ್ದನ್ನು ಭಾರೀ ಪ್ರಮಾಣದಲ್ಲಿ ತಯಾರಿಸುವುದು ಕಷ್ಟವಾದಾಗ, 1964ರ ಹೊತ್ತಿಗೆ ಓಲಿನ್ ಕಂಪನಿಯ ಡಬ್ಲ್ಯುಸಿ 846 ಎಂಬ ಕಾಳು ಮದ್ದು ಬಂತು.

ಕಾಳು ಮದ್ದು ನಿಧಾನಕ್ಕೆ, ಕೊನೆತನಕ ಉರಿಯುತ್ತದೆ. ಛೇಂಬರಿನ ಗರಿಷ್ಠ ಒತ್ತಡ ಮಿತಿಯಲ್ಲೇ ಇದ್ದರೂ ಅನಿಲದ ರಂಧ್ರದ ಬಳಿ ಒತ್ತಡ ಏರಿತು. ವಾಹಕ ಹೆಚ್ಚು ರಭಸದಿಂದ ಹಿಂದೆ ಚಿಮ್ಮಿತು, ನಿಮಿಷಕ್ಕೆ 850ರ ಒಳಗಿರಬೇಕಾದ ಗುಂಡಿನ ದರ 1000ದ ಹತ್ತಿರ ಹೋಯಿತು. ಹಿತ್ತಾಳೆ ಕುಗ್ಗುವ ಮೊದಲೇ ಕೊಕ್ಕೆ ಎಳೆಯತೊಡಗಿತು. ಇದಕ್ಕೆ ಜೊತೆಯಾಗಿ, ಆ ಮದ್ದಿನಲ್ಲಿ ಆಮ್ಲ ತಣಿಸಲು ಸೇರಿಸುತ್ತಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಅನಿಲದ ಕೊಳವೆಯಲ್ಲಿ ಗಟ್ಟಿಯಾಗಿ ಕೂರುತ್ತಿತ್ತು.

ಈ ವಾದಕ್ಕೆ ದೊಡ್ಡ ಬಲ ಬಂದದ್ದು ಸಂಸದ ರಿಚರ್ಡ್ ಐಕಾರ್ಡ್ ಅಧ್ಯಕ್ಷತೆಯ ಉಪಸಮಿತಿಯಿಂದ. ಮದ್ದು ಬದಲಿಸಿದ ಮೇಲೆ ತನ್ನ ಅಭಿಪ್ರಾಯ ಕೇಳಿದರು, ಬೇಡವೆಂದರೆ ಆಗಲೇ ಆಗಿಹೋಗಿದೆ ಎಂದರು ಎಂದು ಸ್ಟೋನರ್ ಹೇಳಿಕೊಂಡಿದ್ದಾನೆ. ಕಾಳು ಮದ್ದಿನಲ್ಲಿ ರೈಫಲ್‌ಗಳು ಗುಂಡಿನ ದರದ ಪರೀಕ್ಷೆ ದಾಟುವುದಿಲ್ಲವೆಂದು ಕಾರ್ಖಾನೆಯಲ್ಲಿ ಹಳೆಯ ಮದ್ದಿನಲ್ಲಿ ಪರೀಕ್ಷಿಸಲು ಸೇನೆ ಒಪ್ಪಿಗೆ ಕೊಟ್ಟಿತ್ತು, ಅದೇ ರೈಫಲ್‌ಗಳು ಕಾಳು ಮದ್ದಿನ ತೋಟಾಗಳೊಂದಿಗೆ ಯುದ್ಧಕ್ಕೆ ಹೋದವು. ಪರೀಕ್ಷೆಯ ಹೆಸರಿನಲ್ಲಿ ಇದಕ್ಕಿಂತ ದೊಡ್ಡ ಅಣಕ ನನಗೆ ತಿಳಿದಿಲ್ಲ. ಉಪಸಮಿತಿಯ 1967ರ ಅಕ್ಟೋಬರಿನ ವರದಿ ಅಧಿಕಾರಿಗಳ ವರ್ತನೆಯನ್ನು ಅಪರಾಧಕ್ಕೆ ಸಮೀಪದ ನಿರ್ಲಕ್ಷ್ಯ ಎಂದೇ ಕರೆಯಿತು.

ಆದರೂ ಒಂದು ತೊಡಕಿದೆ. ಸೇನೆ ಕಾಳು ಮದ್ದನ್ನು ಕೈಬಿಡಲೇ ಇಲ್ಲ. ಕಾರ್ಬೊನೇಟ್ ಪ್ರಮಾಣ ಇಳಿಸಿ, ಅದರದೇ ತಮ್ಮನಂಥ ಡಬ್ಲ್ಯುಸಿ 844ಕ್ಕೆ ದಾಟಿಕೊಂಡಿತು, ರೈಫಲ್ ಸರಿಹೋಯಿತು. ಮದ್ದೊಂದೇ ಕಾರಣವಾಗಿದ್ದರೆ ಹೀಗಾಗುವಂತಿರಲಿಲ್ಲ.

ಛೇಂಬರನ್ನು ದೂರುವವರು

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ತೇವದ ಹಾವಳಿ ಕಂಡ ಅಮೆರಿಕದ ಸೇನೆ ತನ್ನ ಹಿಂದಿನ ರೈಫಲ್ ಎಂ-14ರ ನಳಿಗೆಗೆ ಕ್ರೋಮ್ ಕೊಟ್ಟಿತ್ತು. ಎಂ-16ಕ್ಕೆ ಕೊಡಲಿಲ್ಲ. ಸ್ಟೋನರ್‌ನ ಮೂಲ ವಿನ್ಯಾಸದಲ್ಲಿ ಅದಿರಲಿಲ್ಲ, ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರಾ ಕಚೇರಿಗೆ ಬೇಡದ ಬದಲಾವಣೆಗಳೂ ಖರ್ಚೂ ಇಷ್ಟವಿರಲಿಲ್ಲ. ಮಳೆಗಾಲದ ವಿಯೆಟ್ನಾಂನಲ್ಲಿ ಬರಿಯ ಉಕ್ಕು ತುಕ್ಕು ಹಿಡಿಯಿತು, ಗುಳಿ ಬಿತ್ತು, ಒತ್ತಡಕ್ಕೆ ಹಿತ್ತಾಳೆ ಆ ಗುಳಿಗಳೊಳಗೆ ಬೇರೂರಿತು. 1966ರ ಕೊನೆಗೆ ಅಲ್ಲಿಗೆ ಹೋದ ತಂತ್ರಜ್ಞರ ತಂಡ ಇಂಥ ಛೇಂಬರುಗಳನ್ನು ಕಂಡಿತು. 1967ರಲ್ಲಿ ಛೇಂಬರಿಗೆ, ಮುಂದೆ ಇಡೀ ನಳಿಗೆಗೆ ಕ್ರೋಮ್ ಬಂತು.

ನನ್ನ ಮಟ್ಟಿಗೆ ಹರಿದ ಅಂಚಿನ ಕೋಶಗಳನ್ನು ಅತ್ಯಂತ ನೇರವಾಗಿ ವಿವರಿಸುವ ವಾದ ಇದೇ. ಎದುರಾಳಿಗಳ ಪ್ರಶ್ನೆಯೂ ಸಣ್ಣದಲ್ಲ: 1962ರಲ್ಲಿ ಪ್ರಾಜೆಕ್ಟ್ ಅಜೈಲ್ ಎಂಬ ಅಮೆರಿಕದ ಯೋಜನೆಯಡಿ ದಕ್ಷಿಣ ವಿಯೆಟ್ನಾಂಗೆ 1000 ಎಆರ್-15ಗಳು ಹೋದವು. ಕ್ರೋಮ್ ಇಲ್ಲ, ಮದ್ದು ಹಳೆಯದು, ದೇಶ ಅದೇ, ತೇವ ಅದೇ. ವರದಿ ರೈಫಲನ್ನು ಹಾಡಿಹೊಗಳಿತು. ತುಕ್ಕು ಗುಳಿ ತೋಡಲು ಕಾಲ ಬೇಕು, ಆ ರೈಫಲ್‌ಗಳು ಹೊಸವು ಎಂದು ಕ್ರೋಮ್ ಪಕ್ಷದವರು ಉತ್ತರಿಸಬಹುದು. ಒಪ್ಪತಕ್ಕ ಉತ್ತರ, ಆದರೆ ಪುರಾವೆ ಅಲ್ಲ.

ಸೈನಿಕನನ್ನು ದೂರಿದವರು

ಸೇನೆಯ ಮೊದಲ ಪ್ರತಿಕ್ರಿಯೆ ಊಹಿಸಬಹುದಾದದ್ದೇ: ಹುಡುಗರು ಬಂದೂಕು ತೊಳೆಯುತ್ತಿಲ್ಲ. ಸುಳ್ಳೇನಲ್ಲ. ಆದರೆ ಈ ರೈಫಲಿಗೆ ಹೆಚ್ಚು ಶುಚಿ ಬೇಡವೆಂಬ ಮಾತು ಹಬ್ಬಿತ್ತು, ಸರಳು, ಬ್ರಷ್, ಎಣ್ಣೆ ಸಾಕಷ್ಟು ಬಂದಿರಲಿಲ್ಲ, ತರಬೇತಿ ಹಲವರಿಗೆ ಬೇರೆ ರೈಫಲಿನಲ್ಲಿ ಆಗಿತ್ತು. ಆಮೇಲೆ ಸೇನೆ ಚಿತ್ರಕಥೆಗಳ ಹೆಸರಾಂತ ಕಲಾವಿದ ವಿಲ್ ಐಸ್ನರ್ ಕೈಯಲ್ಲಿ ನಿರ್ವಹಣೆಯ ಸಚಿತ್ರ ಕೈಪಿಡಿ ಬರೆಸಿತು. ಸೈನಿಕರು ನಿಜಕ್ಕೂ ಓದಿದ ಸರ್ಕಾರಿ ಪುಸ್ತಕಗಳಲ್ಲಿ ಅದೊಂದು.

ಬಂದೂಕಿನ ದೂರಿಗೆ ಬಳಸಿದವನತ್ತ ಬೆರಳು ಮಾಡುವುದು ಅಮೆರಿಕದ ಸೊತ್ತಲ್ಲ. 2005ರಲ್ಲಿ ಮಾವೋವಾದಿಗಳ ದಾಳಿಯಲ್ಲಿ ಭಾರೀ ಸಾವುನೋವಾದ ಮೇಲೆ ನೇಪಾಳದ ಸೇನೆ ಭಾರತದ ಇನ್ಸಾಸ್ ರೈಫಲ್ ಕೈಕೊಟ್ಟಿತೆಂದಾಗ, ಬಳಕೆ ಸರಿಯಿಲ್ಲ ಎಂಬುದೇ ನಮ್ಮ ಕಡೆಯ ಉತ್ತರವಾಗಿತ್ತು.

ಕೊಕ್ಕೆ ಮತ್ತು ಗಳಿಗೆ

ಸದ್ದಿಲ್ಲದೆ ಕೆಲಸ ಮಾಡಿದ ಪಕ್ಷ ಇಂಜಿನಿಯರರದು. ಅವರಿಗೆ ಮದ್ದು, ಛೇಂಬರ್, ಕೋಶ ಬೇರೆಬೇರೆ ಅಪರಾಧಿಗಳಲ್ಲ, ಒಂದೇ ಸಮೀಕರಣದ ಪದಗಳು. ಎಳೆಯಲು ಬೇಕಾದ ಬಲ, ಸಿಗುವ ಬಲ, ಎಳೆಯುವ ಗಳಿಗೆ: ಇವುಗಳ ನಡುವಿನ ಅಂತರ ಎಷ್ಟು ದೊಡ್ಡದೋ ರೈಫಲ್ ಅಷ್ಟು ಸಹನಶೀಲ. ಮದ್ದು ಬದಲಿಸಿದ್ದು ಆ ಅಂತರವನ್ನು ಒಂದಿಷ್ಟು ತಿಂದಿತು, ತುಕ್ಕು ಒಂದಿಷ್ಟು, ಮೆತ್ತನೆಯ ಹಿತ್ತಾಳೆಯ ಕೋಶ ಸಿಕ್ಕಾಗ ಅದು ಇನ್ನೊಂದಿಷ್ಟು. ಬೋಲ್ಟಿನ ಹಿಂದಿನ ಬಫರ್ ಅನ್ನು ಭಾರವಾಗಿಸಿ ಅವರು ಬೀಗ ಬಿಚ್ಚುವ ರಭಸ ತಗ್ಗಿಸಿದರು.

ಇಲ್ಲೊಂದು ತಮಾಷೆ. ಬೋಲ್ಟನ್ನು ಕೈಯಿಂದ ಮುಂದಕ್ಕೆ ಒತ್ತಲು ಒಂದು ಗುಂಡಿ ಬೇಕೆಂದು ಸೇನೆ ಹಟಹಿಡಿಯಿತು, ಸ್ಟೋನರ್ ಮತ್ತು ವಾಯುಪಡೆಯವರು ಬೇಡವೆಂದರು, ಕಚೇರಿಗಳಲ್ಲಿ ಅದಕ್ಕಾಗಿ ದೊಡ್ಡ ಜಟಾಪಟಿಯಾಯಿತು. ಗುಂಡಿ ಬಂತು. ಬೋಲ್ಟ್ ಮುಚ್ಚದಿದ್ದರೆ ಅದು ಉಪಯೋಗ. ಒಳಗೆ ಸಿಕ್ಕಿಬಿದ್ದ ಕೋಶಕ್ಕೆ ಅದರಿಂದ ಕಾಸಿನ ಪ್ರಯೋಜನವಿಲ್ಲ.

ಗಿಡ್ಡ ನಳಿಗೆಯ ಎಂ4 ಕಾರ್ಬೈನ್ ಬಂದಾಗ ಇದೇ ಕಗ್ಗಂಟು ಮರಳಿತು. ಅನಿಲದ ರಂಧ್ರ ಛೇಂಬರಿಗೆ ಹತ್ತಿರ, ಅಲ್ಲಿ ಒತ್ತಡ ಹೆಚ್ಚು, ಎಳೆತ ಇನ್ನೂ ಬೇಗ. ಕೊಕ್ಕೆಯ ಸ್ಪ್ರಿಂಗನ್ನು ಬಲಪಡಿಸಿದರು, ಅದರೊಳಗೆ ರಬ್ಬರಿನ ತುಣುಕಿಟ್ಟರು, ಬಫರ್ ಭಾರ ಮಾಡಿದರು.

ಕಡತಗಳ ಇತಿಹಾಸಕಾರರು

ಪತ್ರಕರ್ತ ಜೇಮ್ಸ್ ಫ್ಯಾಲೋಸ್ 1981ರಲ್ಲಿ ಬರೆದದ್ದು ಹಗೆಯ ಕಥೆ: ತನ್ನ ಎಂ-14 ಸೋತ ಸಿಟ್ಟಿಗೆ ಸೇನೆಯ ಶಸ್ತ್ರಾಸ್ತ್ರ ವಿಭಾಗ ಹೊರಗಿನವರ ರೈಫಲನ್ನು ತಿದ್ದಿ ತಿದ್ದಿ ಕೆಡಿಸಿತು. 1984ರಲ್ಲಿ ಥಾಮಸ್ ಮೆಕ್‌ನಾಗರ್ ಮತ್ತು ಎಡ್ವರ್ಡ್ ಈಜೆಲ್ ತಂತಮ್ಮ ಪುಸ್ತಕಗಳಲ್ಲಿ ಹಗೆಗಿಂತ ವ್ಯವಸ್ಥೆಯನ್ನು ನೋಡಿದರು: ಸರ್ಕಾರಿ ಶಸ್ತ್ರಾಗಾರಗಳ ಯುಗ ಮುಗಿದು ಖಾಸಗಿ ಕಂಪನಿಗಳ ಕಾಲ ಬರುವಾಗ ಹೊಣೆ ಯಾರದೆಂಬುದೇ ಮಸುಕಾಯಿತು. 2010ರಲ್ಲಿ ಸಿ.ಜೆ. ಚಿವರ್ಸ್ ಸೈನಿಕರ ಅನುಭವವನ್ನು ಮುಂದಿಟ್ಟು ಕಂಪನಿಯನ್ನೂ ಸೇನೆಯನ್ನೂ ಒಟ್ಟಿಗೆ ಕಟಕಟೆಗೆ ತಂದರು. ಫ್ಯಾಲೋಸ್ ಓದಲು ರೋಚಕ, ನಂಬಲು ಸ್ವಲ್ಪ ಅತಿ. ದ್ವೇಷವಿಲ್ಲದೆ, ಬರಿ ಅವಸರ ಮತ್ತು ಮೈಗಳ್ಳತನದಿಂದಲೂ ಇಷ್ಟೆಲ್ಲ ಆಗಬಹುದು. ಕಡತ ಓದುವವರು ನಿರ್ಧಾರ ಏಕೆ ತಪ್ಪಿತೆಂದು ಹೇಳಬಲ್ಲರು, ಒಂದು ಗೊತ್ತಾದ ರೈಫಲಿನಲ್ಲಿ ಒಂದು ಗೊತ್ತಾದ ಕೋಶ ಏಕೆ ಅಂಟಿತೆಂದು ಹೇಳಲಾರರು.

ಇತ್ಯರ್ಥವಾಗದೆ ಉಳಿದವು

ಮೊದಲನೆಯದು, ಯಾವ ಕಾರಣದ ಪಾಲು ಎಷ್ಟು. ಕ್ರೋಮ್, ಹೊಸ ಬಫರ್, ಶುಚಿ ಸಾಮಗ್ರಿ, ತರಬೇತಿ, ತಿದ್ದಿದ ಮದ್ದು ಎಲ್ಲವೂ 1967-68ರ ಆಸುಪಾಸಿನಲ್ಲಿ ಒಟ್ಟೊಟ್ಟಿಗೆ ಬಂದವು. ಯುದ್ಧದ ನಡುವೆ ಒಂದೊಂದನ್ನೇ ಬದಲಿಸಿ ನೋಡುತ್ತ ಕೂರಲು ಯಾರೂ ಹೇಳಲಾರರು. ರೋಗಿ ಬದುಕಿದ, ಯಾವ ಔಷಧದಿಂದ ಎಂಬುದು ಉಳಿದುಹೋಯಿತು. ಹರಿದ ಅಂಚು ಎಷ್ಟು, ಜಾರಿದ ಕೊಕ್ಕೆ ಎಷ್ಟು ಎಂಬ ಲೆಕ್ಕವಿದ್ದಿದ್ದರೆ ಇಂದು ಬೇರ್ಪಡಿಸಬಹುದಿತ್ತು.

ಎರಡನೆಯದು, ಪರೀಕ್ಷೆಗಳನ್ನು ಎಷ್ಟು ನಂಬಬೇಕು. 2007ರಲ್ಲಿ ಎಂ4ಗಳನ್ನು ಧೂಳಿನಲ್ಲಿ ಹೊರಳಿಸಿ 60,000 ಗುಂಡು ಹಾರಿಸಿದಾಗ ಬೇಸಿಗೆಯ ಪರೀಕ್ಷೆಯಲ್ಲಿ 307 ಸಲ ನಿಂತವು. ಅದೇ ವರ್ಷದ ಕೊನೆಯ ಪರೀಕ್ಷೆಯಲ್ಲಿ 882 ಸಲ. ಅದೇ ಮಾದರಿ, ಅಷ್ಟೇ ಗುಂಡು. ಈ ಅಂತರದ ವಿವರಣೆ ಎಲ್ಲರಿಗೂ ಒಪ್ಪಿಗೆಯಾಗಿಲ್ಲ.

ಮೂರನೆಯದು ದುರಸ್ತಿಯವರ ನಡುವಿನ ಜಗಳ. ಕೋಶ ಮುಂದಕ್ಕೆ ಚಿಮ್ಮಿದರೆ ಅನಿಲ ಜಾಸ್ತಿ, ಹಿಂದಕ್ಕೆ ಬಿದ್ದರೆ ಕಡಿಮೆ ಎಂದು ಹಲವರು ದಿಕ್ಕು ನೋಡಿಯೇ ತೀರ್ಪು ಕೊಡುತ್ತಾರೆ. ಇಜೆಕ್ಟರಿನ ಸ್ಪ್ರಿಂಗ್, ಕೊಕ್ಕೆಯ ಬಿಗಿ, ಹೊರದಾರಿಯ ಉಬ್ಬು ಬದಲಾದರೆ ದಿಕ್ಕೂ ಬದಲಾಗುತ್ತದೆಂದು ಇನ್ನು ಕೆಲವರು ನಗುತ್ತಾರೆ. ಕೋಶದ ಬುಡದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಚಪ್ಪಟೆಯಾದದ್ದನ್ನು ಒತ್ತಡದ ಅಳತೆ ಎನ್ನುವುದೂ ಹಾಗೆಯೇ, ಅದರ ಬಟ್ಟಲಿನ ಗಡಸುತನ ಕಂಪನಿಗೊಂದು ಬಗೆ.

ಇನ್ನು ಹೊಸದು. 2022ರಲ್ಲಿ ಅಮೆರಿಕದ ಸೇನೆ ಆರಿಸಿದ ಸಿಗ್ ಸಾವರ್ ರೈಫಲಿನ 6.8 ಮಿ.ಮೀ. ತೋಟಾದ ಒತ್ತಡ ಚದರ ಅಂಗುಲಕ್ಕೆ 80,000 ಪೌಂಡ್ ಮುಟ್ಟುತ್ತದೆ. ಬರಿ ಹಿತ್ತಾಳೆ ತಡೆಯದೆಂದು ಅದರ ಬುಡವನ್ನು ಉಕ್ಕಿನಿಂದ ಮಾಡಿ ಮೈಯನ್ನು ಹಿತ್ತಾಳೆಯಲ್ಲಿ ಉಳಿಸಿದ್ದಾರೆ. ಉಕ್ಕಿನ ಅಂಚು ಕೊಕ್ಕೆಗೆ ಸುಲಭಕ್ಕೆ ಹರಿಯುವುದಿಲ್ಲ. ಹಾಗಾದರೆ ಮೈ ಅಂಟಿಕೊಂಡು ಬುಡವನ್ನು ಕೊಕ್ಕೆ ಜಗ್ಗಿದಾಗ ಮೊದಲು ಸೋಲುವುದು ಎರಡು ಲೋಹಗಳ ಜೋಡಣೆಯೋ, ಕೊಕ್ಕೆಯೋ, ಅದರ ಗುರುತನ್ನು ಕೋಶದ ಯಾವ ಜಾಗದಲ್ಲಿ ಹುಡುಕಬೇಕೋ, ಇದು ದುರಸ್ತಿಯವರ ಕೈಗೆ ಸಾಕಷ್ಟು ಖಾಲಿ ಕೋಶಗಳು ಬಂದ ಮೇಲಷ್ಟೇ ತೀರ್ಮಾನವಾಗಬೇಕು.